ಮೂರು ನಿಮಿಷದಲ್ಲಿ ವಠಾರ ಖಾಲಿ

ವಯಸ್ಸು ಮೀರಿದ ಮೇಲೆ ಓದಲು ಕೂತವರಿಗೆ ಒಂದು ಕೆಟ್ಟ ಚಾಳಿ ಅಂಟಿಕೊಳ್ಳುತ್ತದೆ. ಓದಿದ್ದನ್ನೆಲ್ಲ ಮನೆಯವರ ಮೇಲೆ ಪ್ರಯೋಗಿಸಿ ನೋಡಬೇಕೆನಿಸುತ್ತದೆ. ಕೇಕು ಮಾಡುವುದನ್ನೋ ಹೊಲಿಗೆಯನ್ನೋ ಕಲಿತಿದ್ದರೆ ಪಾಪ, ಅವರೂ ಹೇಗೋ ತಿಂದು ಉಟ್ಟು ಸಹಿಸಿಕೊಳ್ಳುತ್ತಿದ್ದರು. ನಾನು ಕಲಿಯಲು ಹೋದದ್ದು ವಿಪತ್ತು ನಿರ್ವಹಣೆ.

ಹತ್ತು ವರ್ಷ ಹೋಮ್‌ಗಾರ್ಡ್ ಆಗಿ ದಾವಣಗೆರೆಯ ಸರ್ಕಲ್ಲುಗಳಲ್ಲಿ ನಿಂತು ಬಿಸಿಲು ಉಂಡವಳು ನಾನು. ಒಂದು ಡಿಪ್ಲೊಮಾ ಇದ್ದರೆ ಕಂಟ್ರೋಲ್ ರೂಮಿನ ಕೆಲಸಕ್ಕೆ ಅರ್ಜಿ ಹಾಕಬಹುದು, ಫ್ಯಾನಿನ ಕೆಳಗೆ ಕೂತು ಊರು ಕಾಯಬಹುದು ಎಂದು ಯಾರೋ ಹೇಳಿದ್ದೇ ತಡ, ಹರಿಹರದಲ್ಲಿ ನಡೆಯುವ ಭಾನುವಾರದ ತರಗತಿಗೆ ಸೇರಿಬಿಟ್ಟೆ. ಅಂದಿನಿಂದ ನನಗೆ ಎಲ್ಲಿ ನೋಡಿದರೂ ಅಪಾಯವೇ. ಹರಿಹರದ ಬಸ್ಸಿನಲ್ಲಿ ತುರ್ತು ಬಾಗಿಲ ಪಕ್ಕವೇ ಕೂರುತ್ತಿದ್ದೆ. ಯಾಕೆಂದು ಕೇಳಿದ ಅಜ್ಜಿಯೊಬ್ಬರಿಗೆ ಬಸ್ಸು ಮಗುಚಿದರೆ ಹೇಗೆ ಹೊರಬೀಳಬೇಕೆಂದು ವಿವರಿಸಲು ಹೋಗಿ, “ನಿನ್ನ ಬಾಯಾಗ ಒಂದು ಒಳ್ಳೇ ಮಾತು ಬರಲ್ವೇನವ್ವ?” ಎಂದು ಬೈಸಿಕೊಂಡೆ. ಬೆಣ್ಣೆ ದೋಸೆ ತಿನ್ನಲು ಹೋದರೂ ದೋಸೆ ಬರುವ ಮೊದಲು ನನ್ನ ಕಣ್ಣು ಹೋಟೆಲಿನ ಹಿಂಬಾಗಿಲು ಹುಡುಕುತ್ತಿತ್ತು. “ಬಿಲ್ ಕೊಡದೆ ಓಡೋರು ಅಂತ ತಿಳ್ಕೊಂತಾರೆ, ಸುಮ್ನೆ ಕೂಡು” ಎಂದು ನಮ್ಮ ಮನೆಯವರು ಸೆರಗು ಜಗ್ಗುತ್ತಿದ್ದರು.

ಇಷ್ಟೆಲ್ಲ ಆಗಿ ಕೊನೆಯ ಪ್ರಾಯೋಗಿಕ ಪರೀಕ್ಷೆ ಬಂತು. ನಾವು ವಾಸವಿರುವ ಜಾಗವನ್ನೇ ಬೆಂಕಿ ಬಿದ್ದಿದೆ ಎಂದುಕೊಂಡು ಮೂರು ನಿಮಿಷದಲ್ಲಿ ಖಾಲಿ ಮಾಡಿಸಬೇಕು. ಫೇಲಾದರೆ ಮತ್ತೆ ಒಂದು ವರ್ಷ. ಅಷ್ಟರಲ್ಲಿ ನನ್ನ ಅರ್ಜಿ ಹಾಕುವ ವಯಸ್ಸೇ ಮುಗಿಯುತ್ತದೆ. ನಮ್ಮದು ನಿಟ್ಟುವಳ್ಳಿಯಲ್ಲಿ ನಾಲ್ಕು ಮನೆಗಳ ವಠಾರ. ನನ್ನನ್ನು ಬಿಟ್ಟು ಹನ್ನೊಂದು ಜನ, ಒಂದೇ ಗೇಟು. ನಾನು ಸೀಟಿ ಊದಿದ ಕೂಡಲೇ ಎಲ್ಲರೂ ರಸ್ತೆಯಾಚೆಯ ಬೇವಿನ ಮರದ ಕೆಳಗೆ ಸೇರಬೇಕೆಂದು ಒಂದು ವಾರ ಪಾಠ ಹೇಳಿದೆ. “ಬೆಂಕಿ ಬಿದ್ದೈತಿ ಅಂತ ತಿಳ್ಕೊಳ್ರಿ” ಎಂದಾಗಲೆಲ್ಲ ನಮ್ಮತ್ತೆ “ಬಿಡ್ತು ಅನ್ನು” ಎನ್ನುತ್ತಿದ್ದರು. ನಾನು ಬಿಡ್ತು ಅಂದು ಮುಂದುವರಿಸುತ್ತಿದ್ದೆ.

ಪರೀಕ್ಷಕರಾಗಿ ಹರಿಹರದಿಂದ ನದಾಫ್ ಸರ್ ಬಂದರು. ಅಗ್ನಿಶಾಮಕ ಇಲಾಖೆಯಲ್ಲಿ ದುಡಿದು ನಿವೃತ್ತರಾದವರು, ನಗುವುದನ್ನೂ ನಿಯಮ ನೋಡಿಯೇ ನಗುವವರು. ಅವರು ಗಡಿಯಾರ ಒತ್ತಿದರು, ನಾನು ನಮ್ಮ ಹೊಸ್ತಿಲಲ್ಲಿ ನಿಂತು ಎದೆತುಂಬ ಉಸಿರೆಳೆದು ಸೀಟಿ ಊದಿದೆ. ಉಳಿದ ಮೂರೂ ಮನೆಯವರು ದಬದಬ ಓಡಿದರು, ಗೇಟಿನ ಕಡೆಗಲ್ಲ, ನಮ್ಮ ಮನೆಯೊಳಕ್ಕೆ! “ಏನಾತ್ರಿ ಶೈಲಕ್ಕ? ಯಾರಿಗೇನಾತು?” ಎನ್ನುತ್ತ ಪಕ್ಕದ ಮನೆಯ ಗಿರಿಜಕ್ಕ ಹಿಟ್ಟಿನ ಕೈಯಲ್ಲೇ ಒಳಗೆ ಬಂದರು. ನಮ್ಮ ಕಡೆಯ ಜನರೇ ಹಾಗೆ. ಗಲಾಟೆ ಎಲ್ಲಿದೆಯೋ ಅಲ್ಲಿಗೆ ಓಡುತ್ತಾರೆಯೇ ಹೊರತು ಅಲ್ಲಿಂದ ಓಡುವುದಿಲ್ಲ. ಹೊರಗೆ ನೂಕೋಣವೆಂದರೆ ನಮ್ಮತ್ತೆ ಬಾಗಿಲಿಗೆ ಅಡ್ಡ. “ಮನೀಗೆ ಬಂದ ಮುತ್ತೈದೇರನ್ನ ಹಂಗೇ ಕಳಿಸ್ತೀಯಾ? ತಡಿ, ಕುಂಕುಮ ಹಚ್ಚಿ ಕಳಿಸ್ತೀನಿ.” ಎಲ್ಲರಿಗೂ ಕುಂಕುಮವಾಗಿ, ಎಲೆ ಅಡಿಕೆಯಾಗಿ, ಬೇವಿನ ಮರ ಮುಟ್ಟುವಾಗ ಹನ್ನೆರಡು ನಿಮಿಷ. ನನಗೆ ಅಳು ನುಗ್ಗಿ ಬಂತು.

ಸರ್ ಕನ್ನಡಕ ಒರೆಸಿಕೊಂಡು, “ಎಲ್ಲಾರೂ ಸುಟ್ಟು ಬೂದಿ ಆದ್ರು, ಕುಂಕುಮದ ಸಮೇತ. ಇನ್ನೊಂದು ಚಾನ್ಸ್ ಐತ್ರಿ” ಎಂದರು. ಎರಡನೆಯ ಸಲ ಕುಂಕುಮದ ಬಟ್ಟಲನ್ನು ಬೀರುವಿನೊಳಗಿಟ್ಟು ಬೀಗ ಹಾಕಿದೆ. ಸೀಟಿ ಊದಿದೆ. ನಂಬಿದರೆ ನಂಬಿ, ಎರಡೂವರೆ ನಿಮಿಷಕ್ಕೆ ಹನ್ನೊಂದು ತಲೆಯೂ ಮರದ ಕೆಳಗೆ! ನನಗೆ ಕುಣಿಯುವಷ್ಟು ಖುಷಿಯಾಯಿತು. ಸಹಿ ಹಾಕಿಸಿಕೊಳ್ಳಲು ನೋಡುತ್ತೇನೆ, ರೆಕಾರ್ಡ್ ಪುಸ್ತಕ ಫ್ರಿಜ್ಜಿನ ಮೇಲೇ ಉಳಿದಿದೆ. ಒಂದೇ ಓಟಕ್ಕೆ ಒಳಗೆ ಹೋಗಿ ತಂದು ಸರ್ ಮುಂದೆ ಹಿಡಿದೆ. ಅವರು ಶಾಂತವಾಗಿ ಬರೆದರು: ಪಾರಾದವರು ಹನ್ನೊಂದು, ಸಾವು ಒಂದು. “ಉರಿಯೋ ಮನೀಗೆ ಸಾಮಾನು ತರಾಕ ವಾಪಸ್ ಹೋಗಬ್ಯಾಡ್ರಿ ಅನ್ನೋದು ಮೊದಲನೇ ಪಾಠ. ನೀವು ಸತ್ರಿ, ಶೈಲಾ ಅವರೇ.”

ನನಗಿಂತ ಹೆಚ್ಚು ಕಂಗಾಲಾದವರು ನಮ್ಮತ್ತೆ. “ಹಾಡಹಗಲೇ ನನ್ನ ಸೊಸೀನ ಸತ್ಲು ಅಂತ ಬರೆದ್ರಲ್ಲಪ್ಪ!” ಎಂದು ನನ್ನನ್ನು ಎಳೆದುಕೊಂಡು ಒಳಗೆ ನಡೆದರು. ಚಹಾ ಕುಡಿದು ಹೋಗಿ ಎಂದು ನಮ್ಮ ಮನೆಯವರು ಸರ್ ಅವರನ್ನೂ ಕರೆದರು. ಏನಾಗುತ್ತದೋ ನೋಡಲು ವಠಾರವೂ ಹಿಂದೆಯೇ ಬಂತು. ಅತ್ತೆ ಉಪ್ಪು, ಬ್ಯಾಡಗಿ ಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು ನನಗೆ ಮೂರು ಸಲ ನಿವಾಳಿಸಿ, “ಯಾರ ಕಣ್ಣು ಬಿತ್ತೋ ಸುಟ್ಟು ಹೋಗಲಿ” ಎಂದು ಕಾದ ಹಂಚಿನ ಮೇಲೆ ಸುರಿದರು.

ಆಮೇಲಿನದನ್ನು ಓಟ ಎನ್ನಬೇಕೋ ಪ್ರವಾಹ ಎನ್ನಬೇಕೋ ತಿಳಿಯದು. ಘಾಟು ಎದ್ದಿತು ನೋಡಿ, ಯಾರಿಗೂ ಸೀಟಿ ಬೇಕಾಗಲಿಲ್ಲ, ಕುಂಕುಮವೂ ನೆನಪಾಗಲಿಲ್ಲ. ಎಲ್ಲರೂ ಕೆಮ್ಮುತ್ತ, ಸೀನುತ್ತ, ಒಬ್ಬರನ್ನೊಬ್ಬರು ಎಳೆಯುತ್ತ ಬೇವಿನ ಮರದ ಕೆಳಗೆ ಬಿದ್ದರು. ಒಲೆ ಆರಿಸಿ ಕೊನೆಯವರಾಗಿ ಅತ್ತೆ ಬಂದರು, ಗಿರಿಜಕ್ಕನ ಮಗುವನ್ನು ಕಂಕುಳಲ್ಲಿಟ್ಟುಕೊಂಡು. ಸರ್ ಕಣ್ಣೀರು ಸುರಿಸುತ್ತಲೇ ಗಡಿಯಾರ ನೋಡಿದರು. “ನಲವತ್ತು ಸೆಕೆಂಡ್! ಇಷ್ಟು ವರ್ಷದ ಸರ್ವೀಸಿನಾಗ ಇಂಥಾದ್ದು ನೋಡಿಲ್ಲ.” ಅವತ್ತು ಅವರು ನಿಯಮ ಮೀರಿ ನಕ್ಕರು, ಪಾಸೂ ಮಾಡಿದರು. ಆದರೆ ಪುಸ್ತಕದಲ್ಲಿ ಒಂದು ಸಾಲು ಸೇರಿಸಿದರು: ಎಲ್ಲರನ್ನೂ ಕಳಿಸಿ ಕೊನೆಗೆ ಹೊರಬರಬೇಕಾದ ಅಧಿಕಾರಿ ಎಲ್ಲರಿಗಿಂತ ಮೊದಲು ಮರದ ಕೆಳಗಿದ್ದರು, ಒಂದೇ ಚಪ್ಪಲಿಯಲ್ಲಿ.

ನಾನು ಅತ್ತೆಯ ಮುಖ ನೋಡಿದೆ, ನನ್ನ ಪರವಾಗಿ ಒಂದು ಮಾತಾಡಿಯಾರೆಂದು. ದೃಷ್ಟಿ ತಾಗಿದ್ದರೆ ಮೆಣಸಿನಕಾಯಿ ಸುಟ್ಟರೂ ಘಾಟು ಬರುವುದಿಲ್ಲ ಎಂಬುದು ಅವರು ಜೀವಮಾನವಿಡೀ ನಂಬಿದ ಶಾಸ್ತ್ರ. ಅವರು ಸೆರಗಿನಿಂದ ಕಣ್ಣೊರೆಸಿಕೊಂಡು, ಬಹಳ ಅಕ್ಕರೆಯಿಂದ ನನ್ನ ತಲೆ ಸವರಿದರು.

“ಈಪಾಟಿ ಘಾಟು ಬಂತು ಅಂದ್ರೆ ನಿನಗ್ಯಾರ ಕಣ್ಣೂ ಬಿದ್ದಿಲ್ಲ ಬಿಡವ್ವ. ನೀನು ಮೊದಲಿಂದ ಹಿಂಗೇ.”