ನಮ್ಮೂರಲ್ಲಿ ಸ್ಟಾಪಿಲ್ಲದ ಬಲೂನು

ಕೆಲವರ ಬಾಯಲ್ಲಿ ಗುಟ್ಟು ನಿಲ್ಲುವುದಿಲ್ಲ. ನನ್ನದು ಅದಕ್ಕಿಂತ ಕೆಟ್ಟ ಬಾಯಿ. ಆಗದ ಕೆಲಸವನ್ನೂ ಆಗಿಯೇ ಹೋಯಿತೆಂದು ಮೊದಲೇ ಸಾರಿಬಿಡುತ್ತದೆ. ನಮ್ಮವ್ವ ಇದಕ್ಕೆ "ಕೂಸು ಹುಟ್ಟೋಕ್ ಮುಂಚೆ ಕುಲಾವಿ" ಅನ್ನುತ್ತಾಳೆ. ಮಗ ಹೈಸ್ಕೂಲಿನಲ್ಲಿ ಭೂಗೋಳ ಹೇಳುವ ಮೇಷ್ಟ್ರು ಅನ್ನುವ ರಿಯಾಯಿತಿಯೂ ಇಲ್ಲ. ಹಾಗೆ ಸಾರಿದ ಮೇಲೆ ಆ ಕೆಲಸ ಆಗುವವರೆಗೆ ನಾನು ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ.

ಈ ಸಲ ಸಾರಿದ್ದು ಬಲೂನಿನ ವಿಷಯ. ಚಳ್ಳಕೆರೆ ಹತ್ತಿರದ ಬಯಲಿನಿಂದ ಬಿಸಿಗಾಳಿ ಬಲೂನುಗಳ ದೂರದ ಓಟ ಇತ್ತು. ಮಕ್ಕಳು ಊದುವ ಬಲೂನಲ್ಲ. ಮನೆಯಷ್ಟು ದೊಡ್ಡದು, ಕೆಳಗೊಂದು ಬುಟ್ಟಿ, ಬುಟ್ಟಿಯಲ್ಲಿ ಮನುಷ್ಯ, ಅವನ ತಲೆಯ ಮೇಲೆ ಧಗಧಗ ಉರಿಯುವ ಗ್ಯಾಸ್ ಒಲೆ. ಹೆಚ್ಚು ದೂರ ಹೋಗಿ ಇಳಿದವರು ಗೆದ್ದ ಹಾಗೆ. ಸ್ಟೇರಿಂಗಿಲ್ಲ, ಗಾಳಿ ಎತ್ತಲೋ ಅತ್ತ. ಇಳಿದಾಗ ಮಡಚಿ ತುಂಬಿಕೊಂಡು ಬರಲು ಪ್ರತಿ ಬಲೂನಿನ ಹಿಂದೆಯೂ ನೆಲದ ಮೇಲೊಂದು ಜೀಪು ಓಡಬೇಕು. ಅಂಥ ಒಂದು ಜೀಪಿನ ಡ್ರೈವರು ನಮ್ಮ ಮೊಳಕಾಲ್ಮೂರಿನ ತಿಪ್ಪೇಸ್ವಾಮಿ. ಅವನಿಗೆ ಇಂಗ್ಲಿಷ್ ಬಾರದು. ಪೈಲಟ್ ಜೈಪುರದ ಕಡೆಯವರು, ಅವರಿಗೆ ಕನ್ನಡ ಬಾರದು. ನಡುವೆ ಮಾತು ದಾಟಿಸಲು ವಾಕಿಟಾಕಿ ಹಿಡಿದು ನಾನು.

ಗಾಳಿ ಮೊಳಕಾಲ್ಮೂರಿನ ಕಡೆಗೇ ಇರಬಹುದು ಎಂದು ಹಿಂದಿನ ಸಂಜೆ ಪೈಲಟ್ ಅಂದದ್ದೇ ತಡ, ಮನೆಗೆ ಫೋನು ಮಾಡಿದೆ. "ನಾಳೆ ಬಲೂನು ನಮ್ಮ ಸ್ಕೂಲ್ ಮೈದಾನದಾಗೆ ಇಳೀತೈತೆ. ನಾನೇ ಇಳಿಸ್ತೀನಿ."

ಫೋನೆತ್ತಿದ್ದು ಹೆಂಡತಿ ಶಾರದಾ. "ಹೋದ ಸಲ ಮಿನಿಸ್ಟ್ರನ್ನ ಊಟಕ್ಕೆ ಕರ್ಕಂಬರ್ತೀನಿ ಅಂದ್ರಿ. ಹೋಳಿಗೆ ಮಾಡ್ಕಂಡು ಕಾದೆ, ಬೀದಿಯೋರೆಲ್ಲ ನಕ್ರು. ಈ ಸಲನಾದ್ರೂ ನನ್ ಮಾನ ಉಳಸ್ರಿ" ಅಂದಳು. ಅವಳ ಮಾತು ಮುಗಿಯುವಷ್ಟರಲ್ಲಿ ನನ್ನ ಬಾಯಿ "ಡೌಟೇ ಬ್ಯಾಡ" ಅಂದಾಗಿತ್ತು.

ಬೆಳಿಗ್ಗೆ ಬಲೂನು ಎದ್ದಿತು, ನಾವು ಬೆನ್ನು ಹತ್ತಿದೆವು. ಅದು ನೆಟ್ಟಗೆ ಹೋಗುತ್ತದೆ, ರಸ್ತೆ ಊರೂರು ಮಾತಾಡಿಸಿಕೊಂಡು ಹೋಗುತ್ತದೆ. ಒಮ್ಮೆ ಕುರಿ ಮಂದೆ ಅಡ್ಡ, ಒಮ್ಮೆ ರಸ್ತೆಯಲ್ಲೇ ಒಕ್ಕಣೆ. ನಾನು ಕಿಟಕಿಯಿಂದ ಕತ್ತು ಹಾಕುವುದು, ಒಳಗೆಳೆದುಕೊಳ್ಳುವುದು, ಮತ್ತೆ ಹಾಕುವುದು. "ಸುಮ್ಕೆ ಕುಂತ್ಕಳಿ ಸಾ, ಬಾಗಿಲು ಕಿತ್ಕಂಡು ಬರ್ತೈತೆ" ಅಂದ ತಿಪ್ಪೇಸ್ವಾಮಿ. ಅವನಿಗೇನು ಗೊತ್ತು ನನ್ನ ಸಂಕಟ. ಉಂಡ ಮನೆಯ ಧರ್ಮ ನೋಡಿದರೆ ನಮ್ಮ ಬಲೂನು ದೂರ ದೂರ ಹೋಗಲಿ ಅನ್ನಬೇಕು. ಕಟ್ಟಿಕೊಂಡವಳ ಮುಖ ನೋಡಿದರೆ ಮೊಳಕಾಲ್ಮೂರಿನಲ್ಲೇ ಇಳಿಯಲಿ ಅನ್ನಬೇಕು. ದೇವರಿಗೂ ಗೊಂದಲವಾಗುವಂತೆ ಎರಡನ್ನೂ ಬೇಡಿಕೊಂಡೆ.

ಬಲೂನು ಕೊನೆಗೂ ನಮ್ಮೂರ ನೆತ್ತಿಗೆ ಬಂತು. ನಮ್ಮ ಜೀಪು ಮೈದಾನದ ಪಕ್ಕದ ರಸ್ತೆಯಲ್ಲಿತ್ತು. ನೇಕಾರರು ಮಗ್ಗ ಬಿಟ್ಟು ಬಂದಿದ್ದರು. ಶಾರದಾ ರೇಷ್ಮೆ ಸೀರೆ ಉಟ್ಟು ನಿಂತಿದ್ದಳು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಅವ್ವ, ಅವಳ ತೊಡೆಯ ಮೇಲೆ ಆರತಿ ತಟ್ಟೆ. ಅದೇ ಹೊತ್ತಿಗೆ ವಾಕಿಟಾಕಿಯಲ್ಲಿ ಪೈಲಟ್ಟರ ಇಂಗ್ಲಿಷ್ ಗೊರಗುಟ್ಟಿತು. "ಮೇಷ್ಟ್ರೇ, ಕೆಳಗೆ ಒಳ್ಳೆಯ ಮೈದಾನ ಕಾಣುತ್ತಿದೆ. ಗುಡ್ಡದ ಆಚೆ ಏನಿದೆ?"

ಬರೀ ಬಂಡೆ, ಜಾಲಿ ಮುಳ್ಳು, ಇಲ್ಲೇ ಇಳಿಯಿರಿ ಅಂದರೆ ಮುಗಿಯುತ್ತಿತ್ತು. ಅನ್ನಲೆಂದೇ ಬಾಯಿ ತೆರೆದೆ. ಆದರೆ ಭೂಗೋಳದ ಮೇಷ್ಟ್ರಿಗೆ "ಆಚೆ ಏನಿದೆ" ಎಂದು ಯಾರಾದರೂ ಕೇಳಬಾರದು. ಗುಡ್ಡ ದಾಟಿದರೆ ಸಿದ್ದಾಪುರ, ಮುಂದೆ ರಾಂಪುರದ ಕಡೆ ಎರೆಭೂಮಿ, ಹತ್ತಿ, ಈರುಳ್ಳಿ, ಬಳ್ಳಾರಿಯವರೆಗೂ ಅಂಗೈಯಂಥ ಬಯಲು ಎಂದು ಸೊಗಸಾಗಿ ಪಾಠ ಮಾಡಿಬಿಟ್ಟೆ. ಮುಗಿಸುವಾಗ ಎಚ್ಚರವಾಯಿತು. ಅಷ್ಟರಲ್ಲಿ ಮೇಲೆ ಒಲೆ ಭುಸ್ಸೆಂದಿತು, ಬಲೂನು ಗುಡ್ಡದ ಕಡೆ ಏರಿತು. ನಾವೂ ನಿಲ್ಲುವಂತಿಲ್ಲವಲ್ಲ. ಅವ್ವ ಎದ್ದು ಬಸ್ಸಿಗೆ ಕೈ ಅಡ್ಡ ಹಿಡಿದಂತೆ ಜೀಪಿಗೆ ಹಿಡಿದಳು. ಶಾರದಾ ಕೈ ಎತ್ತಲಿಲ್ಲ, ಸುಮ್ಮನೆ ನೋಡಿದಳು. ಆ ನೋಟಕ್ಕೆ ನನಗೆ ನಿಜಕ್ಕೂ ಅಳು ಬಂತು.

ರಾಂಪುರ ದಾಟಿ ಹತ್ತಿ ಕಿತ್ತಾದ ಹೊಲವೊಂದರಲ್ಲಿ ಬಲೂನು ಇಳಿಯಿತು. ಬೇರೆ ಎರಡು ಬಲೂನುಗಳು ಇನ್ನೂ ಮುಂದೆ ಹೋಗಿದ್ದವು. ಪೈಲಟ್ ಬುಟ್ಟಿಯಿಂದ ಕಾಲು ಹೊರಗಿಡುತ್ತಲೇ ಅಂದರು: "ಅವೆರಡು ಮುಂದೆ ಹೋದದ್ದು ನನಗೆ ನಿಮ್ಮೂರ ಮೇಲಿದ್ದಾಗಲೇ ಗೊತ್ತಾಗಿತ್ತು, ಗೆಲ್ಲುವ ಆಸೆ ಬಿಟ್ಟಿದ್ದೆ. ಅಷ್ಟೊಂದು ಜನ, ಆರತಿ ಹಿಡಿದ ಅಜ್ಜಿ, ಅಲ್ಲೇ ಇಳಿಯಬೇಕು ಅನಿಸಿತ್ತು. 'ಇಳಿಯಿರಿ' ಎಂದು ನೀವು ಹೇಳಲಿ ಅಂತಲೇ ಕೇಳಿದ್ದು. ನೀವು ಪಾಠ ಶುರು ಮಾಡಿದಿರಿ."

"ಏನಂತಾರೆ ಸಾ?" ತಿಪ್ಪೇಸ್ವಾಮಿ ಕೇಳಿದ.

"ಮೇಷ್ಟ್ರ ಭೂಗೋಳ ಜ್ಞಾನ ಭಾಳ ದೊಡ್ಡದು ಅಂತಾರೆ ಕಣಪ್ಪ" ಅಂದೆ.

ಪುಣ್ಯಾತ್ಮ ಖುಷಿಪಟ್ಟು ಅಲ್ಲಿಂದಲೇ ನಮ್ಮ ಮನೆಗೆ ಫೋನು ಮಾಡಿ ಈ ಹೊಗಳಿಕೆಯನ್ನು ಶಾರದಾಗೆ ಒಪ್ಪಿಸಿದ. ಆ ಕಡೆಯ ಮಾತು ಕೇಳಿಸಿಕೊಂಡು ಮುಖ ಸಣ್ಣದು ಮಾಡಿಕೊಂಡ. "ಅಷ್ಟು ಭೂಗೋಳ ಗೊತ್ತಿದ್ರೆ ಜೀಪ್ ಯಾಕೆ, ನಡ್ಕಂಡೇ ಬರ್ಲಿ ಅಂತಾರೆ ಸಾ ಅಮ್ಮಾರು."

ಪೈಲಟ್ ಏನೆಂಬಂತೆ ನನ್ನತ್ತ ಹುಬ್ಬು ಹಾರಿಸಿದರು. "ನಾಳೆ ನೀವೆಲ್ಲ ನಮ್ಮ ಮನೆಗೆ ಊಟಕ್ಕೆ ಬರಬೇಕಂತೆ" ಎಂದಿತು ನನ್ನ ಬಾಯಿ. ಅವರು ಒಪ್ಪಿಯೂಬಿಟ್ಟರು. ಇದನ್ನು ಶಾರದಾಗೆ ಯಾರು ದಾಟಿಸಬೇಕು ಎಂದು ಹೊಲದ ಬದುವಿನ ಮೇಲೆ ಅತ್ತಿಂದಿತ್ತ ತಿರುಗುತ್ತಿದ್ದೇನೆ.