ದಪ್ಪ ಪುಸ್ತಕದೊಳಗಿನ ಮೀನಿನ ಮುಳ್ಳು

ನಾನು ಯಾರ ಸುದ್ದಿಗೂ ಹೋಗುವವಳಲ್ಲ. ಸುದ್ದಿಯೇ ಕಸದ ಜೊತೆ ಬಂದು ನನ್ನ ಕಸಬರಿಗೆಗೆ ಸಿಕ್ಕುತ್ತದೆ, ಏನು ಮಾಡಲಿ? ಕಾರವಾರದ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದವರ ಲೈಬ್ರರಿ ಗುಡಿಸುವವಳು ನಾನು.

ಸೆಲ್ಲು

ಅಲ್ಲಿ ಒಂದು ಕಪಾಟಿನ ತುಂಬ ಇಟ್ಟಿಗೆಯಂಥ ಪುಸ್ತಕಗಳು. ಮೇಲೆ ‘ರೆಫರೆನ್ಸ್’ ಅಂತ ಬರೆದಿದೆ.

“ಅಂದ್ರೆ ಎಂತದು?” ಎಂದು ಪುಸ್ತಕ ನೋಡಿಕೊಳ್ಳುವ ಲೈಬ್ರರಿ ಬಾಯಿಯನ್ನು ಕೇಳಿದೆ; ನಮ್ಮ ಕಡೆ ಮೇಡಮ್ಮಿಗೆ ಬಾಯಿ ಅಂತಲೇ ಅನ್ನುವುದು.

“ಮನೆಗೆ ಒಯ್ಯುವಂತಿಲ್ಲ ಅಜ್ಜಿ, ಇಲ್ಲೇ ಕೂತು ಮುಗಿಸ್ಬೇಕು.”

ಮೀನಿನ ಪಾಠ ಮಾಡುವ ಸರ್ ಒಂದನ್ನು ಓದುತ್ತಿದ್ದರು. ಇವರ ಮನೆಯ ಹೊಸಿಲಿಗೆ ಮೀನಿನ ಗಾಳಿಯೂ ಸೋಕುವಂತಿಲ್ಲ, ಆ ಮಾತು ಬೇರೆ. ಅದು ಸೆಲ್ಲಿನ ಪುಸ್ತಕವಂತೆ.

“ಸೆಲ್ ಹಾಕೋದಕ್ಕೆ ಇಷ್ಟು ದಪ್ಪ ಪುಸ್ತಕ ಬೇಕಾ ಸರ್? ನಮ್ಮ ಟಾರ್ಚಿಗೆ ಹಾಕೋದು ಎರಡೇ.”

“ಟಾರ್ಚಿಂದಲ್ಲ ಅಜ್ಜಿ. ನಿನ್ನ ಮೈತುಂಬ ಇರೋದು ಸೆಲ್ಲೇ.”

“ಹಾಗಾದ್ರೆ ಸೊಂಟದವು ವೀಕಾಗಿವೆ, ಬದಲಾಯಿಸಿ ಕೊಡಿ.”

ಚೀಟಿ

ಮೀನಿನ ಪುಸ್ತಕ ಎಲ್ಲಕ್ಕಿಂತ ದಪ್ಪ. ಆ ಸರ್ ಬಿಟ್ಟರೆ ಅದನ್ನು ತೆರೆಯುವವಳು ನಾನೊಬ್ಬಳೇ, ಧೂಳು ಒರೆಸಲಿಕ್ಕೆ. ಒಂದು ದಿನ ಒಳಗೊಂದು ಚೀಟಿ. ಎರಡನೇ ಇಯತ್ತೆ ಕಲಿತದ್ದು ಅಷ್ಟಕ್ಕಾದರೂ ಬಂತು. ‘ನಾಳೆ ಒಂದು ಗಂಟೆಗೆ. ಯಾರಿಗೂ ತಿಳಿಯಬಾರದು’ ಅಂತ ಸರ್ ಬರೆದದ್ದು. ಕೆಳಗೆ ಬಾಯಿಯ ಅಕ್ಷರ: ‘ಬರುತ್ತೇನೆ. ಬಾಗಿಲು ಹಾಕಿಕೊಳ್ಳಿ.’

ಬಾಯಿ ಹಾರವಾಡದವಳು, ಗಂಡ ದೋಣಿಗೆ ಹೋಗುವವ. ಸರ್‌ಗೆ ಮನೆಯಲ್ಲಿ ಹೆಂಡತಿ, ಮೇಲಿಂದ ಅತ್ತೆ.

ನಾನು ಯಾರಿಗೂ ಹೇಳಲಿಲ್ಲ. ಚಾ ಅಂಗಡಿಯವಳಿಗೆ ಮಾತ್ರ ಹೇಳಿದೆ, ಅದೂ ಮೆಲ್ಲಗೆ. ಸಂಜೆಯೊಳಗೆ ಬಿಣಗಾ ಮುಟ್ಟಿತ್ತು. ಸರ್ ಮನೆ ಇರುವುದೂ ಬಿಣಗಾದಲ್ಲೇ.

ಒಂದು ಗಂಟೆ

ಮರುದಿನ ಒಂದು ಗಂಟೆಗೆ ಸರಿಯಾಗಿ ಅತ್ತೆಮ್ಮ ಪ್ರಿನ್ಸಿಪಾಲರನ್ನು ಕರೆದುಕೊಂಡೇ ಬಂದರು.

“ಹೌದಾಗಿದ್ರೆ ಆ ಬಾಯಿ ನಾಳೆಯಿಂದ ಕೆಲಸಕ್ಕೆ ಬರೋದು ಬೇಡ,” ಎಂದರು ಪ್ರಿನ್ಸಿಪಾಲರು.

ಬಾಯಿಯ ಕೆಲಸ ಹೋಗಲಿ ಅಂತ ನಾನೇನೂ ಹೇಳಿದ್ದಲ್ಲ. ಆದರೂ ಮುಂದೆಯೇ ನಿಂತೆ, ಕಾಣಬೇಕಲ್ಲ.

ಲೈಬ್ರರಿ ಬಾಗಿಲು ತೆಗೆದರೆ, ಮೀನಿನ ಪುಸ್ತಕ ಬಿಚ್ಚಿದೆ, ಸರ್ ಗಲ್ಲ ಉಬ್ಬಿದೆ. ಪುಟದ ಮೇಲೊಂದು ಮುಳ್ಳು.

“ಏನಿದು?” ಎಂದರು ಪ್ರಿನ್ಸಿಪಾಲರು.

“ಪಾಠದ ಸ್ಪೆಸಿಮನ್, ಸರ್,” ಎಂದರು ಮೀನಿನ ಸರ್.

“ಸ್ಪೆಸಿಮನ್ನಿಗೆ ರವೆ ಯಾರು ಹಚ್ಚಿದ್ದು?”

ಬಾಯಿ ಅಳುತ್ತಾ ಅಂದಳು, “ನಮ್ಮವರು ತಂದ ನೊಗ್ಲಿ ಮೀನು, ಅಮ್ಮ. ಸರ್ ಆಸೆಪಟ್ಟರು ಅಂತ ಹುರಿದು ತಂದೆ. ದೇವರಾಣೆ, ಮತ್ತೇನಿಲ್ಲ.”

ಪ್ರಿನ್ಸಿಪಾಲರು ನಗು ತಡೆಯಲಾರದೆ, “ನಾಳೆ ಬಾ ತಾಯಿ, ನನಗೂ ಎರಡು ತಾ,” ಎಂದರು.

ಅತ್ತೆಮ್ಮ ಮಾತ್ರ ಕುರ್ಚಿಗೆ ಕುಸಿದರು. “ಹೆಂಗಸಿನ ವಿಷಯ ಆಗಿದ್ರೆ ಹೇಗೋ ಮುಚ್ಚಿಹಾಕ್ತಿದ್ದೆ. ಮೀನೇ!”

ಸರ್ ಬಾಯಲ್ಲಿದ್ದುದನ್ನು ನುಂಗಿ, ಮೆತ್ತಗೆ ಅಂದರು:

“ಮನೆಗೆ ತಂದಿಲ್ವಲ್ಲ ಅತ್ತೆ. ಇದು ರೆಫರೆನ್ಸ್, ಇಲ್ಲೇ ಕೂತು ಮುಗಿಸೋದು.”