ಮೇಷ್ಟ್ರ ವಾಚಿನ ನೂರಾ ಮೂವತ್ತೆರಡು

ಇಸಿಜಿ ರೂಮಿನಲ್ಲಿ ನಗಬಾರದು ಅಂತ ಕಾನೂನೇನೂ ಇಲ್ಲ. ಇದ್ದಿದ್ದರೆ ನನ್ನ ಕೆಲಸ ಎಂದೋ ಹೋಗುತ್ತಿತ್ತು. ಜಯಲಕ್ಷ್ಮಿಪುರಂನ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ಇಪ್ಪತ್ತು ವರ್ಷದಿಂದ ಜನರ ಎದೆಗೆ ವೈರು ಅಂಟಿಸುತ್ತಿದ್ದೇನೆ. ಮೊದಲೆಲ್ಲ ಎದೆನೋವು ಅಂತ ಬರುತ್ತಿದ್ದರು. ಈಗ ಎದೆ ತೆಪ್ಪಗಿರುತ್ತದೆ, ಕೈಯಲ್ಲಿರುವ ವಾಚು ತೆಪ್ಪಗಿರುವುದಿಲ್ಲ. ವಾರಕ್ಕೊಬ್ಬರಾದರೂ ಕೈ ಮುಂದೆ ಚಾಚಿಕೊಂಡು, "ನೋಡಿ ನೋಡಿ, ಏರ್ತಾ ಇದೆ!" ಅನ್ನುತ್ತ ಒಳಗೆ ನುಗ್ಗುತ್ತಾರೆ. ಅವರಲ್ಲೆಲ್ಲ ನನಗೆ ಅಚ್ಚುಮೆಚ್ಚು ನಮ್ಮ ಲೆಕ್ಕದ ಮೇಷ್ಟ್ರು.

ಕಡಿಮೆ ತೆಗೆದವರೇ ಫಸ್ಟು

ಮೇಷ್ಟ್ರು ರಿಟೈರಾಗಿ ಹತ್ತು ವರ್ಷ ದಾಟಿದೆ. ಎದೆಬಡಿತ ತೋರಿಸುವ ವಾಚನ್ನು ಮಗಳು ಕೊಡಿಸಿದ್ದಳು. ಅದರ ರಬ್ಬರ್ ಪಟ್ಟಿಯಿಂದ ಕೈ ಕೆರೆತ ಬರುತ್ತದೆ ಅಂತ ಬಿಚ್ಚಿಸಿ, ತಮ್ಮ ಹಳೇ ವಾಚಿಗಿದ್ದಂಥದೇ ಕಂದು ಚರ್ಮದ ಪಟ್ಟಿ ಹಾಕಿಸಿಕೊಂಡಿದ್ದರು. ಅಲ್ಲಿಯವರೆಗೆ ಎಲ್ಲ ಚೆನ್ನಾಗಿತ್ತು.

ಒಂದು ದಿನ ಕುಕ್ಕರಹಳ್ಳಿ ಕೆರೆ ಏರಿಯ ಮೇಲಿನ ಬೆಂಚಿನಲ್ಲಿ ವಾಕಿಂಗ್ ಗೆಳೆಯರೆಲ್ಲ ವಾಚು ಹೋಲಿಸಿ ನೋಡಿದರಂತೆ. ಬ್ಯಾಂಕಿನಲ್ಲಿದ್ದ ಒಬ್ಬರಿಗೆ ಐವತ್ತೆಂಟು. ಮೇಷ್ಟ್ರಿಗೆ ಎಂಬತ್ತೆರಡು. ಸುಮ್ಮನೆ ಕೂತಾಗ ಎಷ್ಟು ಕಡಿಮೆ ಇದ್ದರೆ ಅಷ್ಟು ಒಳ್ಳೆಯದು ಅಂತ ಬ್ಯಾಂಕಿನವರು ಮೀಸೆ ತಿರುವಿದರು. ಮೇಷ್ಟ್ರು ಮನೆಗೂ ಹೋಗದೆ ನೇರ ಕ್ಲಿನಿಕ್ಕಿಗೆ ಬಂದರು.

"ನಲವತ್ತು ವರ್ಷ ಮಕ್ಕಳಿಗೆ ಹೆಚ್ಚು ತೆಗೀರೋ, ಹೆಚ್ಚು ತೆಗೀರೋ ಅಂತ ಬಡ್ಕೊಂಡೋನು ಕಣಮ್ಮ ನಾನು. ಈಗ ಐವತ್ತೆಂಟು ತೆಗೆದೋನು ಫಸ್ಟು, ಎಂಬತ್ತೆರಡು ತೆಗೆದೋನು ಲಾಸ್ಟು ಅಂದ್ರೆ ಯಾವೂರ ನ್ಯಾಯ?"

ನಮ್ಮ ಡಾಕ್ಟರು ಸ್ಕೂಲಿನಲ್ಲಿ ಇದೇ ಮೇಷ್ಟ್ರ ಶಿಷ್ಯ. ಈಗಲೂ ಅವರೆದುರು ಕುರ್ಚಿಯ ತುದಿಯಲ್ಲೇ ಕೂರುತ್ತಾರೆ.

"ಎಂಬತ್ತೆರಡು ನಾರ್ಮಲ್ಲೇ ಸಾರ್. ನಂಬರ್ ನೋಡ್ಬೇಡಿ, ಮನುಷ್ಯನ್ನ ನೋಡಿ."

ಇದು ನಮ್ಮ ಡಾಕ್ಟರ ಮಂತ್ರ. ಬಂದವರಿಗೆಲ್ಲ ಹೇಳುತ್ತಾರೆ, ಎಲ್ಲರೂ ತಲೆಯಾಡಿಸುತ್ತಾರೆ. ಮೇಷ್ಟ್ರು ಕನ್ನಡಕದ ಮೇಲಿಂದ ನೋಡಿದರು.

"ನಂಬರ್ ನೋಡದೇ ಇದ್ದಿದ್ದಕ್ಕೇ ಕಣೋ ನಿಂಗೆ ಲೆಕ್ಕದಲ್ಲಿ ಮೂವತ್ತೆಂಟು ಬಂದಿದ್ದು."

ಹಳೇ ಮಷೀನು

ಆ ಎಂಬತ್ತೆರಡು ಮೇಷ್ಟ್ರ ಮನೆಯಲ್ಲಿ ದೊಡ್ಡ ಅನಾಹುತವನ್ನೇ ಮಾಡಿತು. ಮದುವೆಯಾದಾಗಿನಿಂದ ಪ್ರತಿ ವರ್ಷ ಮದುವೆಯ ದಿನ ಗಂಡ ಹೆಂಡತಿ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲನ್ನೂ ಹತ್ತುವುದು ಪದ್ಧತಿ. ಒಂದು ವರ್ಷವೂ ತಪ್ಪಿಲ್ಲ. ಆ ದಿನಕ್ಕೆ ಇನ್ನೆರಡು ತಿಂಗಳಿತ್ತು. ಮೇಷ್ಟ್ರು ವಾಕಿಂಗ್ ನಿಲ್ಲಿಸಿದರು, ಎರಡನೇ ಲೋಟದ ಕಾಫಿ ನಿಲ್ಲಿಸಿದರು, ಕೊನೆಗೆ ಬೆಟ್ಟವನ್ನೂ ನಿಲ್ಲಿಸಿಬಿಟ್ಟರು.

"ಈ ಸಲ ಕಾರಲ್ಲಿ ಹೋಗಿ ಕೈ ಮುಗಿದು ಬಂದ್ಬುಡೋಣ ಕಣೇ. ನನ್ನೆದೆಗೂ ಆಗಲ್ಲ, ನಿನ್ನ ಮಂಡಿಗೂ ಆಗಲ್ಲ" ಅಂದರಂತೆ. ಅಮ್ಮಾವ್ರು ಅಂದು ರಾತ್ರಿ ಊಟ ಮಾಡಲಿಲ್ಲವಂತೆ.

ಮೇಷ್ಟ್ರು ಅಷ್ಟಕ್ಕೇ ಬಿಡಲಿಲ್ಲ. ಒಂದು ಗ್ರಾಫ್ ಪುಸ್ತಕ ಕೊಂಡರು. ದಿನದಲ್ಲಿ ಎದೆಬಡಿತ ಅತಿ ಹೆಚ್ಚು ಎಷ್ಟಕ್ಕೆ ಹೋಗಿತ್ತು ಅಂತ ಮಲಗುವ ಮುಂಚೆ ವಾಚಿನಲ್ಲಿ ನೋಡಿ ಚುಕ್ಕಿ ಇಡುವುದು, ಚುಕ್ಕಿ ಸೇರಿಸಿ ಗೆರೆ ಎಳೆಯುವುದು. ಮೂರನೇ ವಾರಕ್ಕೆ ಹೆಂಡತಿಯನ್ನೂ ಕರೆದುಕೊಂಡು ಪುಸ್ತಕ ಹಿಡಿದು ಬಂದರು. ಗೆರೆ ಗೋಡೆ ಹತ್ತುತ್ತಿತ್ತು. ನೂರಾ ಹದಿನೆಂಟು, ನೂರಾ ಇಪ್ಪತ್ತಾರು, ನೂರಾ ಮೂವತ್ತೆರಡು.

"ನಾನು ಕುರ್ಚಿ ಬಿಟ್ಟು ಏಳ್ತಾನೇ ಇಲ್ಲ ಕಣಮ್ಮ, ಆದ್ರೂ ನೂರಾ ಮೂವತ್ತೆರಡು!"

ಮಲಗಿಸಿ ವೈರು ಅಂಟಿಸಿದೆ. ಕೈ ಸಡಿಲ ಬಿಡಿ ಸಾರ್ ಅಂದರೆ ಕೈ ಎತ್ತಿ ವಾಚು ನೋಡುತ್ತಾರೆ. ವಾಚು ನೋಡಿದರೆ ಗಾಬರಿ, ಗಾಬರಿಗೆ ಎದೆಬಡಿತ ಏರಿಕೆ, ಏರಿದ್ದನ್ನು ಕಂಡು ಮತ್ತೆ ಗಾಬರಿ. ಎರಡು ಮಾರು ಕಾಗದ ವ್ಯರ್ಥವಾದ ಮೇಲೆ, ಕೈಯನ್ನು ನಾನೇ ಅದುಮಿ ಹಿಡಿದು ಒಂದು ನೆಟ್ಟಗಿನ ಇಸಿಜಿ ತೆಗೆದೆ. ಎಲ್ಲ ಸರಿಯಾಗಿತ್ತು. ನಮ್ಮ ಮಷೀನು ಎಪ್ಪತ್ತೆಂಟು ತೋರಿಸಿತು, ಅವರ ವಾಚು ಎಪ್ಪತ್ತೊಂಬತ್ತು.

"ಒಂದು ವ್ಯತ್ಯಾಸ ಬರ್ತಿದೆ. ನಿಮ್ಮ ಮಷೀನ್ ತಗೊಂಡು ಎಷ್ಟು ವರ್ಷ ಆಯ್ತಮ್ಮ?"

"ಒಂಬತ್ತು ಸಾರ್."

"ನಂದು ಮೂರು ತಿಂಗಳು. ನಿಮ್ಮದನ್ನ ಒಮ್ಮೆ ರಿಪೇರಿಗೆ ಕೊಟ್ಬುಡಿ."

ಪಚ್ಚಬಾಳೆಯ ನಾಡಿ

ಮುಂದಿನ ವಾರ ಗಂಡ ಹೆಂಡತಿ ಮತ್ತೆ ಬಂದಾಗ ಡಾಕ್ಟರು ಒಂದು ಉಪಾಯ ಹೂಡಿದರು. ಈ ವಾಚುಗಳು ಬೆಳಕು ಬಿಟ್ಟು ಅಂದಾಜು ಮಾಡುತ್ತವೆ, ಕೆಲವೊಮ್ಮೆ ಜೀವವಿಲ್ಲದ್ದಕ್ಕೂ ನಾಡಿ ತೋರಿಸಿಬಿಡುತ್ತವೆ ಅಂತ ಎಲ್ಲೋ ಓದಿದ್ದರು. ಪೇಷೆಂಟ್ ಒಬ್ಬರು ಬುಟ್ಟಿಯಲ್ಲಿ ಕೊಟ್ಟುಹೋಗಿದ್ದ ಪಚ್ಚಬಾಳೆಹಣ್ಣೊಂದನ್ನು ತೆಗೆದು, ಮೇಷ್ಟ್ರ ವಾಚನ್ನು ಅದಕ್ಕೆ ಬಿಗಿಯಾಗಿ ಕಟ್ಟಿದರು. ನಾವು ನಾಲ್ಕೂ ಜನ ಉಸಿರು ಬಿಗಿಹಿಡಿದು ಬಗ್ಗಿ ನೋಡಿದೆವು. ವಾಚು ಸ್ವಲ್ಪ ಯೋಚಿಸಿತು. ಅರವತ್ತೆಂಟು!

ನಾನು ಚಪ್ಪಾಳೆಯನ್ನೇ ತಟ್ಟಿಬಿಟ್ಟೆ. ಡಾಕ್ಟರು ಗೆದ್ದವರ ಹಾಗೆ ಹಿಂದಕ್ಕೆ ಒರಗಿ ಕೂತರು. "ನೋಡಿದ್ರಾ ಸಾರ್? ಬಾಳೆಹಣ್ಣಿಗೆಲ್ಲಿದೆ ಎದೆ? ಇದನ್ನ ನಂಬ್ಕೊಂಡು ಯಾಕೆ ಒದ್ದಾಡ್ತೀರಿ?"

ಮೇಷ್ಟ್ರ ಮುಖ ಇನ್ನೂ ಬಾಡಿತು.

"ಅಂದ್ರೆ... ಬಾಳೆಹಣ್ಣಿಗೂ ನನಗಿಂತ ಹದಿನಾಲ್ಕು ಕಡಿಮೆ."

ಪುಸ್ತಕ ತೆಗೆದು ಅದನ್ನೂ ಬರೆದುಕೊಂಡರು. ಅಷ್ಟರಲ್ಲಿ ಅಮ್ಮಾವ್ರು ವಾಚು ಬಿಚ್ಚಿ ಬದಿಗಿಟ್ಟು, ಹಣ್ಣು ಸುಲಿದು ತಿನ್ನತೊಡಗಿದರು. "ಇತ್ತೀಚೆಗೆ ಯಾಕೋ ವಿಪರೀತ ಹಸಿವು ಕಣಮ್ಮ" ಅಂತ ನನ್ನ ಕಡೆ ನೋಡಿ ನಕ್ಕರು.

ಮೇಷ್ಟ್ರು ಹೌಹಾರಿದರು. "ಅಯ್ಯೋ, ಈಗ ತಾನೇ ಅದರ ನಾಡಿ ಬಡೀತಿತ್ತಲ್ಲೇ!"

ಬೆಳಿಗ್ಗೆ ಆರೂವರೆ

ಮದುವೆಯ ದಿನಕ್ಕೆ ಮೂರೇ ದಿನ ಉಳಿದಿದ್ದಾಗ ಮೇಷ್ಟ್ರು ಅಮ್ಮಾವ್ರ ಜೊತೆ ಮತ್ತೆ ಬಂದರು. ಈ ಸಲ ಜೋರು ಮಾತಿಲ್ಲ, ಯಾರಿಗೂ ಬೈಗುಳವಿಲ್ಲ. ಪುಸ್ತಕವನ್ನು ಮೇಜಿನ ಮೇಲಿಟ್ಟು, "ನೀನೇ ನೋಡಪ್ಪ" ಅಂದರು. ಅಷ್ಟೂ ದಿನ ನೂರಾ ಮೂವತ್ತರ ಆಸುಪಾಸು. ಅವರ ಮುಖ ನೋಡಿ ನನಗೂ ನಿಜಕ್ಕೂ ಭಯವಾಯಿತು. ಡಾಕ್ಟರೂ ನಗಲಿಲ್ಲ.

"ದಿನದ ಯಾವ ಹೊತ್ತಿನಲ್ಲಿ ಏರುತ್ತೆ ಅಂತ ವಾಚಿಗೆ ಸೇರಿಸಿರೋ ಫೋನಲ್ಲಿ ಇರುತ್ತೆ. ನೋಡಿ ಹೇಳಿ" ಅಂತ ನನಗೆ ಹೇಳಿದರು.

ಮೇಷ್ಟ್ರ ಫೋನ್ ತಗೊಂಡು ತೆರೆದೆ. ಇಡೀ ದಿನ ಗೆರೆ ಕೆರೆ ನೀರಿನ ಹಾಗೆ ಶಾಂತ. ಬೆಳಿಗ್ಗೆ ಆರೂವರೆಯಿಂದ ಏಳೂಕಾಲರವರೆಗೆ ಮಾತ್ರ ದಡಬಡ. ಹಿಂದಿನ ದಿನವೂ ಅಷ್ಟೇ, ಅದರ ಹಿಂದಿನ ದಿನವೂ ಅಷ್ಟೇ.

"ಆರೂವರೆಗೆ ಏನ್ಮಾಡ್ತೀರಿ ಸಾರ್?"

"ಸ್ನಾನ ಮುಗಿಸಿ ಪೂಜೆಗೆ ಕೂರ್ತೀನಿ." ಮೇಷ್ಟ್ರು ಪುಸ್ತಕ ಮುಚ್ಚಿದರು. "ದೇವರ ಮುಂದೆ ಕೂತಾಗಲೇ ಹೀಗಾ? ಹಾಗಾದ್ರೆ ಇದು ಕರೆ ಬಂದ ಹಾಗೇ ಲೆಕ್ಕ."

ತಟ್ಟನೆ ಆ ಕಂದು ಪಟ್ಟಿ ನನ್ನ ಕಣ್ಣಿಗೆ ಬಿತ್ತು. "ಸಾರ್, ಪೂಜೆಗೆ ಕೂತಾಗ ವಾಚು ಕಟ್ಕೊಂಡಿರ್ತೀರಾ?"

"ಛೆ ಛೆ! ಮಡಿಯಲ್ಲಿ ಚರ್ಮದ ಪಟ್ಟೀನಾ? ಸ್ನಾನಕ್ಕೆ ಹೋಗುವಾಗಲೇ ಬಿಚ್ಚಿ ಕಿಟಕಿ ಮೇಲಿಟ್ಟಿರ್ತೀನಿ."

ಹೇಳಿ ಮುಗಿಸಿದ ಮೇಲೆ ಮೇಷ್ಟ್ರಿಗೇ ತಾವು ಹೇಳಿದ್ದೇನು ಅಂತ ಅರ್ಥವಾಯಿತು. ನಲವತ್ತು ವರ್ಷ ಲೆಕ್ಕ ಹೇಳಿಕೊಟ್ಟವರು, ಇಷ್ಟು ಸಣ್ಣ ಲೆಕ್ಕ ತಪ್ಪಿದ್ದರು. ಮೂರು ಜನರೂ ಒಟ್ಟಿಗೆ ಅಮ್ಮಾವ್ರ ಕಡೆ ತಿರುಗಿದೆವು. ಅವರು ಸೆರಗಿನ ಅಂಚು ಮಡಚುತ್ತ ಕೂತಿದ್ದರು.

"ಏನ್ರೀ ಎಲ್ಲರೂ ಹಾಗೆ ನೋಡ್ತೀರಿ? ನೀವು ಬೆಟ್ಟ ಹತ್ತೋದು ಬೇಡ ಅಂದ್ರಿ. ನಂಗೆ ಮನಸ್ಸು ಒಪ್ಪಲಿಲ್ಲ. ಒಬ್ಬಳಾದ್ರೂ ಹತ್ತೋಣ ಅಂತ ನೀವು ಪೂಜೆಗೆ ಕೂತಾಗ ಮಹಡಿ ಮೆಟ್ಟಿಲು ಹತ್ತಿ ಇಳೀತಿದ್ದೆ. ಎಷ್ಟಾಯ್ತು ಅಂತ ಎಣಿಸೋಕೆ ವಾಚು ಕಟ್ಕೊಂಡೆ. ಮೊನ್ನೆಗೆ ಸಾವಿರ ದಾಟ್ತು."

"ನಾನು ಎರಡು ತಿಂಗಳಿಂದ ಸಾಯ್ತಾ ಇದ್ದೀನಿ ಅಂತ ಕೂತಿದ್ದೆನಲ್ಲೇ! ಅದು ನಿನ್ನ ಎದೆ ಅಂತ ಹೇಳೋಕೇನಾಗಿತ್ತು?"

"ನಂಗೇನ್ರೀ ಗೊತ್ತು? ನಾನು ಕಟ್ಕೊಂಡ್ರೆ ಇದು ಬೇರೆಯವರ ಕೈ ಅಂತ ಅದಕ್ಕೆ ತಿಳಿಯಲ್ವಾ? ಅಷ್ಟು ದುಡ್ಡಿನ ವಾಚು!"

ಡಾಕ್ಟರು ಮೇಜಿನ ಮೇಲೆ ತಲೆಯಿಟ್ಟು ನಗುತ್ತಿದ್ದರು, ಭುಜ ಕುಣಿಯುತ್ತಿತ್ತು. ನಾನು ಕಣ್ಣೊರೆಸಿಕೊಂಡು ಅಮ್ಮಾವ್ರಿಗೂ ಒಂದು ಇಸಿಜಿ ತೆಗೆದೆ. ಎಲ್ಲ ಸರಿಯಾಗಿತ್ತು. ಮೆಟ್ಟಿಲು ಹತ್ತುವವರಿಗೆ ಆ ನಂಬರು ಸಹಜವೇ ಅಂದರು ಡಾಕ್ಟರು. ನಿಧಾನವಾಗಿ, ಅಲ್ಲಲ್ಲಿ ಕೂತು, ಇಬ್ಬರೂ ಬೆಟ್ಟ ಹತ್ತಬಹುದು ಅಂತ ಚೀಟಿಯಲ್ಲೇ ಬರೆದುಕೊಟ್ಟರು. ಮೇಷ್ಟ್ರು ಜೇಬಿನಿಂದ ಕೆಂಪು ಪೆನ್ನು ತೆಗೆದು ಪುಸ್ತಕದ ಮೇಲಿದ್ದ ತಮ್ಮ ಹೆಸರು ಹೊಡೆದುಹಾಕಿ, ಹೆಂಡತಿಯ ಹೆಸರು ಬರೆದು, ಕೆಳಗೆ 'ತೃಪ್ತಿಕರ' ಅಂತ ಷರಾ ಹಾಕಿದರು.

ನಂದಿಯ ಬಳಿಯಿಂದ ಫೋನು

ಮದುವೆಯ ದಿನ ಬೆಳಿಗ್ಗೆ ಕ್ಲಿನಿಕ್ಕಿನಲ್ಲಿ ನಮಗೆ ಕೆಲಸವೇ ಓಡಲಿಲ್ಲ. ಡಾಕ್ಟರು ಐದು ನಿಮಿಷಕ್ಕೊಮ್ಮೆ ಹೊರಗೆ ಬಂದು, "ಫೋನ್ ಬಂತಾ?" ಅನ್ನುತ್ತಿದ್ದರು. ಚೀಟಿ ಬರೆದುಕೊಟ್ಟವರು ಅವರೇ ಅಲ್ಲವೇ. ಒಂಬತ್ತರ ಹೊತ್ತಿಗೆ ನನ್ನ ಫೋನ್ ಬಡಿದುಕೊಂಡಿತು. ಮೇಷ್ಟ್ರೇ!

"ಬೆಟ್ಟದ ದಾರೀಲಿರೋ ದೊಡ್ಡ ನಂದಿ ಹತ್ರ ಕೂತಿದ್ದೀನಿ ಕಣಮ್ಮ. ಎಳನೀರು ಕುಡೀತಾ ಇದ್ದೀನಿ. ಆಹಾ, ಎಂಥ ಗಾಳಿ ಅಂತೀಯ!"

ಡಾಕ್ಟರು ನನ್ನ ಕೈಯಿಂದ ಫೋನ್ ಕಿತ್ತುಕೊಂಡರು. "ಸಾರ್, ವಾಚಲ್ಲಿ ಎಷ್ಟು ತೋರಿಸ್ತಿದೆ? ನಂಬರ್ ಎಷ್ಟು ಸಾರ್, ನಂಬರ್?"

"ನಂಬರ್ ನೋಡ್ಬೇಡ, ಮನುಷ್ಯನ್ನ ನೋಡು ಅಂದೋನು ನೀನೇ ಅಲ್ವೇನೋ?" ಮೇಷ್ಟ್ರ ನಗು ಫೋನಿನಿಂದ ಆಚೆಗೆ ಕೇಳಿಸಿತು. "ಇಲ್ಲಿ ಎರಡಕ್ಕೂ ಗತಿಯಿಲ್ಲ ಕಣೋ. ವಾಚು ಅವಳ ಕೈಲಿದೆ, ಅವಳು ನನ್ನ ಬಿಟ್ಟು ಆಗಲೇ ಇನ್ನೂರು ಮೆಟ್ಟಿಲು ಮೇಲೆ ಹೋಗ್ಬುಟ್ಲು. ನಂಬರೂ ಕಾಣಿಸ್ತಿಲ್ಲ, ಮನುಷ್ಯಳೂ ಕಾಣಿಸ್ತಿಲ್ಲ!"